ಹಿಟ್ಟು ‘ಹೆಚ್ಚಾಗ್ಯದ’ ಅಂದರೆ

ತಂಗಿ, ಸೋಮವಾರ ನೀನು ಜತ್ತಕ್ಕೆ ಹೊರಟಿದ್ದೀ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು, ಅದರ ತುಂಬ ಪ್ರಶ್ನೆಗಳು. ಯಾರ ಮನೆಯಲ್ಲಿ ಎಷ್ಟು ಬಡತನ, ಎಷ್ಟು ಹಸಿವು ಎಂದು ಬರೆದುಕೊಂಡು ಬರುವ ಕೆಲಸ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ, "ಮುತ್ಯಾ, ನೀವೂ ಹಿಂದ ಸರ್ವೇ ಮಾಡೀರಂತಲ್ಲ, ಏನರ ಹೇಳ್ರಿ" ಅಂದಿ. ಆಗ ನನಗೆ ಮಾತು ಹೊರಡಲಿಲ್ಲ. ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು. ಬೆಳಿಗ್ಗೆ ಎದ್ದು ಬರೆಯಲು ಕೂತಿದ್ದೇನೆ. ನಿನ್ನ ಜೊತೆ ಬರುವ ಹುಡುಗ ಹುಡುಗಿಯರಿಗೂ ಓದಿ ಹೇಳು.

ನೀನು ಹುಟ್ಟಿ ಬೆಳೆದದ್ದು ಈ ಸಾಂಗ್ಲಿವಾಡಿಯಲ್ಲಿ. ಅಳತೆಯ ಬೆಲೆ ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಕೃಷ್ಣೆ ಏರತೊಡಗಿದರೆ ಸಣ್ಣವರು ದೊಡ್ಡವರು ಎಲ್ಲರೂ ಕೇಳುವುದು ಒಂದೇ ಮಾತು: ಆಯರ್ವಿನ್ ಸೇತುವೆಯ ಹತ್ತಿರ ಎಷ್ಟು ಅಡಿ? 40 ಆಯಿತೆಂದರೆ ದನ ಬಿಚ್ಚುತ್ತೇವೆ, 45 ಅಪಾಯದ ಗೆರೆ. 2019ರ ಆಗಸ್ಟಿನಲ್ಲಿ ನೀರು 57 ಅಡಿ ದಾಟಿತು. ಅಷ್ಟು ದೊಡ್ಡ ಮಹಾಪೂರದಲ್ಲೂ ನಾವು ಸಾಮಾನು ಮೇಲೇರಿಸಿ ಹೊರಬೀಳಲು ಆದದ್ದು ಆ ಅಡಿಯ ಲೆಕ್ಕ ಗಂಟೆಗಂಟೆಗೂ ಕಿವಿಗೆ ಬೀಳುತ್ತಿತ್ತು ಎಂಬ ಕಾರಣಕ್ಕೆ. ನೀರು ಇಳಿದ ಮೇಲೆ ಪಂಚನಾಮೆಯವರು ಬಂದರು. ಬಿದ್ದ ಗೋಡೆ ಬರೆದುಕೊಂಡರು, ಸತ್ತ ಎಮ್ಮೆ ಬರೆದುಕೊಂಡರು. ನಮ್ಮ ಹಿಂದಿನ ಓಣಿಯಲ್ಲಿ ಬಾಡಿಗೆಗಿದ್ದ ಹೆಣ್ಣುಮಗಳು ಅರಿಶಿನ ಪೇಟೆಯಲ್ಲಿ ಕೊಂಬು ಆರಿಸುವ ಕೂಲಿಗೆ ಹೋಗುತ್ತಿದ್ದಳು. ಪೇಟೆ ನಿಂತು ಅವಳ ಕೂಲಿ ಒಂದು ತಿಂಗಳು ತಪ್ಪಿತು. ಗೋಡೆ ಅವಳದಲ್ಲ, ಎಮ್ಮೆಯೂ ಇಲ್ಲ. ನಿಂತುಹೋದ ಕೂಲಿಯನ್ನು ಬರೆಯಲು ಆ ಕಾಗದದಲ್ಲಿ ಜಾಗವೇ ಇರಲಿಲ್ಲ. ಹೊಳೆಯ ನೀರಿಗೆ ಕಂಬದ ಮೇಲೆ ಗೆರೆ ಹೊಡೆಯಬಹುದು, ಅವಳ ಒಲೆಗೆ ಎಲ್ಲಿ ಗೆರೆ ಹೊಡೆಯುವುದು? ನೀನು ಹೊರಟಿರುವುದು ಆ ಕೆಲಸಕ್ಕೆ.

ನಿನ್ನ ಟ್ಯಾಬಿನಲ್ಲಿರುವ ಎಂಟು ಪ್ರಶ್ನೆ ನೋಡಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ರೂಪಿಸಿದವು, ನೂರಕ್ಕೂ ಹೆಚ್ಚು ದೇಶಗಳಲ್ಲಿ ಕೇಳುತ್ತಾರೆ. ಕಳೆದ 12 ತಿಂಗಳಲ್ಲಿ ದುಡ್ಡಿಲ್ಲದ್ದಕ್ಕೆ ಊಟದ ಚಿಂತೆ ಆಗಿತ್ತೇ, ಪೌಷ್ಟಿಕವಾದದ್ದು ತಿನ್ನಲು ಆಗಲಿಲ್ಲವೇ, ಅದದೇ ತಿಂದುಕೊಂಡು ಇದ್ದಿರಾ, ಒಂದು ಹೊತ್ತು ಬಿಟ್ಟಿರಾ, ಕಡಿಮೆ ಉಂಡಿರಾ, ಮನೆಯಲ್ಲಿ ಕಾಳುಕಡಿ ತೀರಿತ್ತೇ, ಹಸಿವಿದ್ದೂ ಉಣ್ಣಲಿಲ್ಲವೇ, ದಿನವಿಡೀ ಉಪವಾಸ ಇದ್ದಿರಾ. ಒಳ್ಳೆಯ ಪ್ರಶ್ನೆಗಳು. ಬೇಳೆಯ ಗ್ರಾಂ ಎಣಿಸುವ ಬದಲು ಮನುಷ್ಯರ ಅನುಭವವನ್ನೇ ಕೇಳಬೇಕು ಎಂದು ಯಾರಿಗೋ ತೋಚಿತಲ್ಲ, ಅದಕ್ಕೆ ನನ್ನ ನಮಸ್ಕಾರ. ಆದರೆ ಆರನೆಯ ಪ್ರಶ್ನೆಯ ಹತ್ತಿರ ಜೋಪಾನ.

ಜತ್ತದ ಉಮದಿ, ಸಂಖದ ಕಡೆ ಮುದುಕಿಯೊಬ್ಬಳನ್ನು "ಹಿಟ್ಟು ತೀರಿತ್ತೇನ್ರಿ?" ಎಂದು ಕೇಳು. "ಹೆಚ್ಚಾಗ್ಯದವಾ" ಅನ್ನುತ್ತಾಳೆ. ಮನೆಯಲ್ಲಿ ಹಿಟ್ಟು ಇಲ್ಲ, ಅಕ್ಕಿ ಮುಗಿಯಿತು ಎಂದು ನಮ್ಮ ಹೆಣ್ಣುಮಕ್ಕಳು ಬಾಯಿಬಿಟ್ಟು ಅನ್ನುವುದಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ ಎಂಬ ಅಂಜಿಕೆ. ಬಳೆ ಒಡೆದರೆ ಹೆಚ್ಚಿತು ಅನ್ನುವವರು ಅವರು. ಡಬ್ಬಿ ಬರಿದಾದಾಗಲೇ ‘ಹೆಚ್ಚಾಗ್ಯದ’ ಎಂಬ ಮಾತು ಹುಟ್ಟುವುದು. ಅದನ್ನು ತಿಳಿಯದ ಹುಡುಗ ಅಲ್ಲಿ ‘ತೀರಿಲ್ಲ’ ಎಂದು ಒತ್ತಿಬಿಟ್ಟರೆ, ಆ ಮನೆಯ ಹಸಿವು ಪುಣೆ ದಾಟಿ ದಿಲ್ಲಿ ದಾಟಿ ಆಹಾರ ಸಂಸ್ಥೆಯ ರೋಮಿನವರೆಗೂ ತುಂಬಿದ ಮನೆಯ ಲೆಕ್ಕಕ್ಕೆ ಹೋಗುತ್ತದೆ.

ನಾಲ್ಕನೆಯ ಪ್ರಶ್ನೆಯೂ ಹಾಗೆಯೇ. "ಇವತ್ತ ನನ್ನ ಒಪ್ಪತ್ತು" ಅನ್ನುತ್ತಾರೆ. ಸೋಮವಾರ ಒಪ್ಪತ್ತು, ಗುರುವಾರ ಒಪ್ಪತ್ತು, ಅಮಾವಾಸ್ಯೆಗೊಂದು. ದೇವರ ಹೆಸರಿನ ಉಪವಾಸವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ನಿಮ್ಮ ತರಬೇತಿಯಲ್ಲಿ ಹೇಳಿರುತ್ತಾರೆ. ಸರಿ. ಆದರೆ ಸುಗ್ಗಿಯಲ್ಲಿ ವಾರಕ್ಕೊಂದು ಇದ್ದ ಒಪ್ಪತ್ತು ಬೇಸಿಗೆಯಲ್ಲಿ ವಾರಕ್ಕೆ ನಾಲ್ಕಾದರೆ ಅದು ದೇವರದಲ್ಲ. ಹಾಗಂತ ಬಾಯಿಂದ ಒಪ್ಪಿಸಲು ಹೋಗಬೇಡ. "ಮಳೆಗಾಲದಾಗೂ ಇಷ್ಟ ಮಾಡ್ತೀರೇನ್ರಿ ಆಯಿ?" ಎಂದು ಮೆಲ್ಲಗೆ ಕೇಳು, ಅಷ್ಟು ಸಾಕು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನನ್ನದೇ ಒಂದು ತಪ್ಪು. ಬಡತನದ ರೇಖೆಯ ಕೆಳಗಿನವರನ್ನು ಗುರುತಿಸಲು 2002ರಲ್ಲಿ ದೇಶದಲ್ಲಿ ಒಂದು ಗಣತಿ ಆಯಿತು. ಮನೆಗೆ 13 ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ 4ರವರೆಗೆ ಅಂಕ, ಕಡಿಮೆ ಅಂಕ ಬಂದವರು ಬಡವರು. ಮಾಸ್ತರರನ್ನು ಅದಕ್ಕೆ ಹಚ್ಚಿದ್ದರು. ನಾನು ಕಲಿಸುತ್ತಿದ್ದ ಕನ್ನಡ ಶಾಲೆಯ ಊರಿನಲ್ಲಿ ನಾನೂ ಹೋದೆ. ಒಂದು ಪ್ರಶ್ನೆ ಬಟ್ಟೆಯ ಬಗ್ಗೆ ಇತ್ತು: ಮೈಮೇಲೆ ಹಾಕುವ ಬಟ್ಟೆ ತಲೆಗೆ ಎಷ್ಟು? ಎರಡಕ್ಕಿಂತ ಕಡಿಮೆ ಇದ್ದರೆ ಸೊನ್ನೆ. ಗಂಡ ಸತ್ತ ಒಬ್ಬ ಅಜ್ಜಿಯ ಮನೆ. ಸುತ್ತ ಓಣಿಯ ಮಂದಿ ನಿಂತಿದ್ದಾರೆ, ನಾನು ಎಲ್ಲರೆದುರು, "ಸೀರಿ ಎಷ್ಟ ಅದಾವಬೇ?" ಅಂದೆ. ಆಕೆ ಸೆರಗು ಎಳೆದುಕೊಂಡು, ಜನರ ಕಡೆ ಒಮ್ಮೆ ನೋಡಿ, "ಐದಾರು ಇರಬೇಕ್ರಿ ಮಾಸ್ತರ್" ಅಂದಳು. ಬರೆದುಕೊಂಡೆ. ಗೂಡಿನಲ್ಲಿ ಒಂದು ರೇಡಿಯೋ ಇತ್ತು, ಹಿಂದಿನ ಮುಚ್ಚಳವೂ ಇಲ್ಲದ್ದು, ಗಂಡನ ನೆನಪಿಗೆಂದು ಇಟ್ಟುಕೊಂಡದ್ದು. ಅದನ್ನೂ ಬರೆದುಕೊಂಡೆ, ಏಕೆಂದರೆ ರೇಡಿಯೋ ಇದೆಯೇ ಎಂದು ಕೇಳಿದ್ದರು, ಹಾಡುತ್ತದೆಯೇ ಎಂದು ಕೇಳಿರಲಿಲ್ಲ. ಹೀಗೆ ಅಂಕಕ್ಕೆ ಅಂಕ ಕೂಡಿ ಆ ಅಜ್ಜಿ ಗೆರೆಯ ಮೇಲಕ್ಕೆ ಹೋದಳು. ಮರುದಿನ ನಸುಕಿನಲ್ಲಿ ಹಳ್ಳದ ದಂಡೆಯಲ್ಲಿ ಅವಳನ್ನು ಕಂಡೆ. ಅರ್ಧ ಸೀರೆ ಉಟ್ಟುಕೊಂಡು ಇನ್ನರ್ಧ ಒಗೆದು ಗಾಳಿಗೆ ಹಿಡಿದಿದ್ದಳು. ಪಟ್ಟಿ ಆಗಲೇ ಮೇಲೆ ಹೋಗಿತ್ತು. ತಿದ್ದಿಸಲು ಓಡಾಡಿದೆ, ಆಗಲಿಲ್ಲ. 23 ವರ್ಷದ ಮೇಲಾಯಿತು, ಆ ಸೀರೆಯ ಬಣ್ಣ ಕೂಡ ನೆನಪಿದೆ, ತಿಳಿ ಹಸಿರು.

ಹಾಗಾಗಿ ಮೊದಲ ಮಾತು. ಹಸಿವಿನ ಪ್ರಶ್ನೆಯನ್ನು ಕಟ್ಟೆಯ ಮೇಲೆ, ನಾಲ್ಕು ಜನರ ಮುಂದೆ ಕೇಳಬೇಡ. ಒಳಗೆ ಕರೆದರೆ ಒಳಗೆ ಹೋಗು, ಒಲೆಯ ಮುಂದೆ ಕೂಡು. ಮನೆಯ ಯಜಮಾನನ ಉತ್ತರವನ್ನೇ ಮನೆಯ ಉತ್ತರ ಅಂದುಕೊಳ್ಳಬೇಡ. ನಮ್ಮಲ್ಲಿ ಮೊದಲು ಗಂಡಸರು ಉಣ್ಣುತ್ತಾರೆ, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ಕಡೆಗೆ ಸೊಸೆ. ರೊಟ್ಟಿಯ ಬುಟ್ಟಿಯ ತಳ ಕಾಣುವುದು ಅವಳಿಗೆ. ಕಡೆಗೆ ಉಣ್ಣುವವಳನ್ನು ಕೇಳು.

ಈಗ ಈ ಬಡತನದ ಗೆರೆ ಎಲ್ಲಿಂದ ಬಂತು ಎಂದು ತಿಳಿದುಕೋ. ನೀನು ಅರ್ಥಶಾಸ್ತ್ರ ಓದಿದವಳು, ಪುಸ್ತಕದಲ್ಲಿ ಹೆಸರುಗಳಿರುತ್ತವೆ, ಆದರೆ ಅವರು ಪಕ್ಕದ ಜಿಲ್ಲೆಯವರು ಎಂಬುದು ಇರುವುದಿಲ್ಲ. ವಿ.ಎಂ. ದಾಂಡೇಕರ್ ಸಾತಾರದವರು. ಪುಣೆಯ ಗೋಖಲೆ ಸಂಸ್ಥೆಯಲ್ಲಿ ನೀಲಕಂಠ ರಥ ಅವರ ಜೊತೆ ಕೂತು 1971ರಲ್ಲಿ ಭಾರತದ ಬಡತನದ ಲೆಕ್ಕ ಹಾಕಿದರು. ಒಬ್ಬರಿಗೆ ದಿನಕ್ಕೆ 2250 ಕ್ಯಾಲೊರಿ ಸಿಗಬೇಕಾದರೆ 1960-61ರ ಬೆಲೆಯಲ್ಲಿ ಹಳ್ಳಿಯವನಿಗೆ ತಿಂಗಳಿಗೆ 15 ರೂಪಾಯಿ, ಪಟ್ಟಣದವನಿಗೆ 22 ರೂಪಾಯಿ 50 ಪೈಸೆ ಬೇಕು ಅಂದರು. ಹಳ್ಳಿಯ 100ಕ್ಕೆ 40 ಜನರಿಗೆ, ಪಟ್ಟಣದ ಅರ್ಧದಷ್ಟು ಜನರಿಗೆ ಅದೂ ಇಲ್ಲ ಎಂದು ತೋರಿಸಿದರು. ಪಿ.ವಿ. ಸುಖಾತ್ಮೆ ಅದೇ ಸಾತಾರ ಜಿಲ್ಲೆಯ ಬುಧ ಗ್ರಾಮದವರು, ರೋಮಿನಲ್ಲಿ ಆಹಾರ ಸಂಸ್ಥೆಯ ಅಂಕಿಸಂಖ್ಯೆಯ ವಿಭಾಗ ನಡೆಸಿದವರು. ಎಲ್ಲರಿಗೂ ಒಂದೇ ಕ್ಯಾಲೊರಿಯ ಗೆರೆ ಹೊಡೆಯುವುದು ತಪ್ಪು, ಒಬ್ಬೊಬ್ಬರ ದೇಹದ ಅಗತ್ಯ ಬೇರೆ, ಒಬ್ಬನದೇ ಅಗತ್ಯವೂ ದಿನದಿಂದ ದಿನಕ್ಕೆ ಏರಿಳಿಯುತ್ತದೆ ಎಂಬುದು ಅವರ ವಾದ. ಹಾಗೆ ಹಿಡಿದರೆ ಹಸಿದವರ ಸಂಖ್ಯೆ ಬಹಳ ಇಳಿಯುತ್ತದೆ. ಇಬ್ಬರ ನಡುವೆ ವರ್ಷಗಟ್ಟಲೆ ವಾದ ನಡೆಯಿತು.

ನನ್ನ ಮನಸ್ಸು ದಾಂಡೇಕರರ ಕಡೆ. ದೇಹ ಕಡಿಮೆಯಲ್ಲಿ ಹೊಂದಿಕೊಳ್ಳುತ್ತದೆ ಎಂಬ ಮಾತು ಖಡಿ ಒಡೆಯುವವರ ಮುಂದೆ ನಿಲ್ಲುವುದಿಲ್ಲ. ಆದರೆ ಸುಖಾತ್ಮೆಯವರ ಇನ್ನೊಂದು ಮಾತು ಜತ್ತದಲ್ಲಿ ನಿನಗೆ ಕಣ್ಣಾರೆ ಕಾಣುತ್ತದೆ. ಕುಡಿಯುವ ನೀರು ಕೆಟ್ಟದ್ದಾದರೆ ಉಂಡದ್ದು ಮೈಗೆ ಹತ್ತುವುದಿಲ್ಲ, ಆದ್ದರಿಂದ ನೀರಿನ ಲೆಕ್ಕವೂ ಊಟದ ಲೆಕ್ಕವೇ ಅಂದಿದ್ದರು. 2016ರ ಏಪ್ರಿಲಿನಲ್ಲಿ ನಮ್ಮ ಮಿರಜಿನಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋದದ್ದು ನಿನಗೂ ನೆನಪಿದೆ, ಸ್ಟೇಶನ್ನಿಗೆ ಹೋಗಿ ನೋಡಿ ಬಂದಿದ್ದೆವು. ಜಿಲ್ಲೆಯ ಒಳಗೇ ಇರುವ ಜತ್ತದ ಹಳ್ಳಿಗಳು ಟ್ಯಾಂಕರಿನ ದಾರಿ ಕಾಯುತ್ತಾ ಎಷ್ಟು ಬೇಸಿಗೆ ಕಳೆದಿವೆ. ಕೊಡ ಹಿಡಿದು ನಿಂತ ಹೊತ್ತು ಕೂಲಿ ತಪ್ಪಿದ ಹೊತ್ತು. ಅದನ್ನೂ ಕೇಳಿ ಬರೆದುಕೋ, ಟ್ಯಾಬಿನಲ್ಲಿ ಜಾಗವಿಲ್ಲದಿದ್ದರೆ ನೋಟ್‌ಬುಕ್ಕಿನಲ್ಲಿ.

ಗೆರೆಗಳು ಆಮೇಲೆಯೂ ಬದಲಾಗುತ್ತಾ ಬಂದವು. 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ದಿನಕ್ಕೆ ಹಳ್ಳಿಯಲ್ಲಿ 26, ಪಟ್ಟಣದಲ್ಲಿ 32 ರೂಪಾಯಿ ಎಂದು ಬರೆದುಕೊಟ್ಟಾಗ ದೇಶವೇ ಸಿಟ್ಟಾಯಿತು. ವಿಶ್ವಬ್ಯಾಂಕು 2025ರ ಜೂನಿನಲ್ಲಿ ತನ್ನ ಗೆರೆಯನ್ನು ದಿನಕ್ಕೆ 3 ಡಾಲರಿಗೆ ಏರಿಸಿತು. 2024ರಲ್ಲಿ ಜಗತ್ತಿನ 67 ಕೋಟಿ ಜನ ಹಸಿದಿದ್ದರು ಎಂದು ವಿಶ್ವಸಂಸ್ಥೆಯ ವರದಿ. ಗೆರೆ ಸರಿದರೆ ಒಂದೇ ರಾತ್ರಿಯಲ್ಲಿ ಕೋಟಿ ಜನ ಬಡವರಾಗುತ್ತಾರೆ ಇಲ್ಲವೇ ಬಡತನ ದಾಟುತ್ತಾರೆ, ಅವರ ಒಲೆಯ ಮೇಲಿನ ಗಡಿಗೆ ಇದ್ದಲ್ಲೇ ಇರುತ್ತದೆ. ಇದನ್ನು ಓದಿ ಅಂಕಿಯೆಲ್ಲ ಸುಳ್ಳು ಎಂದು ಕೈಚೆಲ್ಲಬೇಡ. ದಾಂಡೇಕರರ ಆ 40 ಎಂಬ ಅಂಕಿ ಇಲ್ಲದಿದ್ದರೆ ಬಡತನವನ್ನು ಹಣೆಬರಹ ಅನ್ನುವವರ ಬಾಯಿ ಮುಚ್ಚುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ 1791-92ರ ಬರಕ್ಕೆ ಡೋಗಿ ಬರ ಅನ್ನುತ್ತಾರೆ, ಬುರುಡೆಗಳ ಬರ. ಸುಡಲು ಹೂಳಲು ಆಗದಷ್ಟು ಜನ ಸತ್ತು ತಲೆಬುರುಡೆ ಬಿದ್ದಿದ್ದವು. ಆಗ ಹಸಿವಿಗೆ ಇದ್ದ ಅಳತೆ ಅದೊಂದೇ. ಜೀವ ಇರುವಾಗಲೇ ಅಳೆಯಬೇಕು ಎಂದು ಜನ ಕಲಿತದ್ದು ದೊಡ್ಡ ಮಾತು ತಂಗಿ.

ಇನ್ನು ಬೀಗದ ಮನೆಗಳ ವಿಷಯ. ನೀನು ಹೋಗುತ್ತಿರುವುದು ದೀಪಾವಳಿ ಮುಗಿದ ಮೇಲೆ. ಸಕ್ಕರೆ ಕಾರ್ಖಾನೆಗಳು ಶುರುವಾಗಿವೆ. ಜತ್ತದ ಎಷ್ಟೋ ಮನೆಗಳವರು ಕಬ್ಬು ಕಡಿಯಲು ಇಳಿದು ಬಂದಿದ್ದಾರೆ. ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’, ಮುಕಾದಮನಿಂದ ತಂದ ಉಚಲು, ಅಂದರೆ ಮುಂಗಡ, ತೀರುವವರೆಗೂ ಕಡಿಯಬೇಕು, ಯುಗಾದಿಗೆ ಮರಳುತ್ತಾರೆ. ಊರಲ್ಲಿ ಅವರ ಬಾಗಿಲಿಗೆ ಬೀಗ. ಬೀಗ ಕಂಡರೆ ಟ್ಯಾಬು ಪಕ್ಕದ ಮನೆಯನ್ನು ತೋರಿಸುತ್ತದೆ. ಪಕ್ಕದ ಮನೆಯವರು ಊರಲ್ಲೇ ಉಳಿಯಲು ಶಕ್ತಿ ಇದ್ದವರು. ಹೀಗೆ ಹತ್ತು ಬೀಗ ಬಿಟ್ಟು ಹತ್ತು ತೆರೆದ ಬಾಗಿಲು ಬರೆದುಕೊಂಡರೆ ಆ ಊರಿನ ಹಸಿವು ಅಷ್ಟಕ್ಕಷ್ಟು ಕಡಿಮೆಯಾಗಿ ಕಾಣುತ್ತದೆ. ಯಾರೂ ಸುಳ್ಳು ಹೇಳಿರುವುದಿಲ್ಲ, ಆದರೂ ಲೆಕ್ಕ ಸುಳ್ಳು.

ಆ ಬೀಗದ ಮನೆಯವರು ಎಲ್ಲಿದ್ದಾರೆ? ನಮ್ಮ ಸಾಂಗ್ಲಿವಾಡಿಯ ಹಿಂದೆ, ಕಬ್ಬಿನ ಗದ್ದೆಯ ಅಂಚಿನ ಗುಡಿಸಲುಗಳಲ್ಲಿ. ಹೋದ ವರ್ಷ ಅಂಗನವಾಡಿ ಕಾರ್ಯಕರ್ತೆಯ ಜೊತೆ ನಾನೂ ಹೋಗಿದ್ದೆ, ಅವರಲ್ಲಿ ಕನ್ನಡ ಮಾತ್ರ ಬರುವವರಿದ್ದರು, ದುಭಾಷಿ ಬೇಕಾಗಿತ್ತು. ಎರಡು ವರ್ಷದ ಒಂದು ಹುಡುಗ ಕಬ್ಬಿನ ಸೋಗೆಯ ಮೇಲೆ ಕೂತು ಕಬ್ಬಿನ ತುಂಡು ಚೀಪುತ್ತಿದ್ದ. ಆಕೆ ಅವನ ಎಡಗೈಯ ರಟ್ಟೆಗೆ ಪಟ್ಟಿ ಸುತ್ತಿದಳು. ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ ನೀನು ನೋಡಿದ್ದೀ. 12.5 ಸೆಂಟಿಮೀಟರಿನ ಮೇಲೆ ಹಸಿರು, 11.5ರ ಕೆಳಗೆ ಕೆಂಪು. ಪಟ್ಟಿ 11.8ಕ್ಕೆ ನಿಂತಿತು. ಹುಡುಗನ ಅವ್ವ "ಛಲೋ ಅದಾನ್ರಿ, ದಿನಾ ಆಡ್ತಾನ" ಅಂದಳು. ಬಿಸ್ಕೀಟು, ಕಬ್ಬು, ಬೆಳಗಿನ ರೊಟ್ಟಿಯ ಚೂರು. ಅಂಗನವಾಡಿಯ ಊಟ ಅವನ ಹೆಸರಿಗೆ ಜತ್ತದಲ್ಲಿತ್ತು, ಅವನು ಇಲ್ಲಿದ್ದ. ಆ ಕಾರ್ಯಕರ್ತೆ ತನ್ನ ರಿಜಿಸ್ಟರಿನಲ್ಲಿ ಅವನ ಹೆಸರು ಸೇರಿಸಿಕೊಂಡು ದಿನಾ ಡಬ್ಬಿ ಕಟ್ಟಿಸಿ ಕಳಿಸಿದಳು. ಮೂರು ತಿಂಗಳಿಗೆ ಪಟ್ಟಿ ಹಸಿರಿಗೆ ಬಂತು. ಪಟ್ಟಿಯನ್ನು ಬಿಗಿದು ಎಳೆಯಬಾರದು, ಸಡಿಲವೂ ಬಿಡಬಾರದು. ಎರಡು ಮಿಲಿಮೀಟರಿನಲ್ಲಿ ಮಗುವಿನ ಬಣ್ಣ ಬದಲಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 25.6 ಎತ್ತರಕ್ಕೆ ತಕ್ಕ ತೂಕವಿಲ್ಲದವರು, ಕರ್ನಾಟಕದಲ್ಲಿ ಶೇ. 19.5. ಗಡಿಯ ಆಚೆ ಈಚೆಯ ಈ ಎರಡೂ ಅಂಕಿಯಲ್ಲಿ ನಮ್ಮ ಮಕ್ಕಳೇ ಇದ್ದಾರೆ.

ರೇಶನ್ ಕಾರ್ಡು ಕೇಳುವಾಗ ಬಣ್ಣ ನೋಡಿ ಬಿಟ್ಟುಬಿಡಬೇಡ. ಹಳದಿಯೋ ಕೇಸರಿಯೋ ಬರೆದ ಮೇಲೆ, ಮನೆಯ ಎಷ್ಟು ತಲೆ ಅದರೊಳಗಿವೆ ಎಂದು ಎಣಿಸು. 2013ರ ಆಹಾರ ಭದ್ರತೆ ಕಾಯ್ದೆ ಹಳ್ಳಿಯ ಶೇ. 75, ಪಟ್ಟಣದ ಶೇ. 50 ಜನರಿಗೆ ತಿಂಗಳಿಗೆ ತಲೆಗೆ 5 ಕಿಲೋ ಧಾನ್ಯ ಎಂದಿತು. ಲೆಕ್ಕಕ್ಕೆ ಹಿಡಿದದ್ದು 2011ರ ಜನಸಂಖ್ಯೆ. 2021ಕ್ಕೆ ಆಗಬೇಕಿದ್ದ ಜನಗಣತಿ ಆ ವರ್ಷ ಆಗಲಿಲ್ಲ. 2011ರ ಮೇಲೆ ಹುಟ್ಟಿದ ಮಗು, ಮನೆಗೆ ಬಂದ ಸೊಸೆ ಎಷ್ಟೋ ಕಾರ್ಡಿನಲ್ಲಿ ಇಲ್ಲ. ನಾಲ್ಕು ಜನರ ಧಾನ್ಯದಲ್ಲಿ ಆರು ಜನ ಉಣ್ಣುತ್ತಾರೆ.

ಇನ್ನೊಂದು ಮಾತು ಹೇಳದಿದ್ದರೆ ಸಮಾಧಾನ ಆಗುವುದಿಲ್ಲ. ಬಡವನೆಂದು ಸಾಬೀತು ಮಾಡು ಎಂದು ಕೇಳದೆಯೇ ಹಸಿವಿಗೆ ಉತ್ತರ ಕೊಟ್ಟ ಒಂದು ಕೆಲಸ ನಮ್ಮ ಜಿಲ್ಲೆಯಲ್ಲೇ ಹುಟ್ಟಿತು. 1972ರ ಬರದಲ್ಲಿ ನನಗೆ 17 ವರ್ಷ. ನಮ್ಮ ಅವ್ವನ ಜೊತೆ ನಾನು ಪಾಝರ ತಲಾವಿನ, ಅಂದರೆ ನೀರು ಇಂಗಿಸುವ ಕೆರೆಯ, ಕೆಲಸಕ್ಕೆ ಹೋದೆ. ಅಗೆಯುವಾಗ ನಡುವೆ ಒಂದು ಮಣ್ಣಿನ ದಿಬ್ಬವನ್ನು ಮುಟ್ಟದೆ ಬಿಡಬೇಕಿತ್ತು. ಎಷ್ಟು ಆಳ ತೆಗೆದಿರಿ ಎಂದು ವಾರದ ಕೊನೆಗೆ ಟೇಪು ಹಿಡಿಯುವುದು ಅದಕ್ಕೆ, ಕೂಲಿ ಕೊಡುವುದು ಆ ಅಳತೆಯ ಮೇಲೆ. ನಮ್ಮ ಅವ್ವ ಸಂಜೆ ಹೊತ್ತು ಆ ದಿಬ್ಬದ ಪಕ್ಕ ನಿಂತು ತನ್ನ ಮೊಣಕಾಲಿಗೆ ಬಂತೋ, ತೊಡೆಗೆ ಬಂತೋ ಎಂದು ನೋಡಿಕೊಳ್ಳುತ್ತಿದ್ದಳು. ರೇಶನ್ನಿನಲ್ಲಿ ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳ, ತಟ್ಟಿದರೆ ಬಿರಿಯುವ ರೊಟ್ಟಿ. ಕೆಲಸದ ಜಾಗದಲ್ಲಿ ಸುಖಡಿ ಎಂಬ ತಿನಿಸು ಹಂಚುತ್ತಿದ್ದರು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಲ್ಲಿ ಸುಮಾರು 50 ಲಕ್ಷ ಜನ ಹೀಗೆ ಬರದ ಕಾಮಗಾರಿಯ ಮೇಲಿದ್ದರು. ಬೆಳೆ ಪೂರ್ತಿ ಹೋಗಿತ್ತು, ಆದರೂ ಡೋಗಿ ಬರ ಮರುಕಳಿಸಲಿಲ್ಲ.

ಕೇಳಿದವರಿಗೆ ಕೆಲಸ ಎಂಬ ವಿಚಾರದ ಹಿಂದೆ ಇದ್ದವರು ಇದೇ ಸಾಂಗ್ಲಿ ಜಿಲ್ಲೆಯ ವಿ.ಸ. ಪಾಗೆ, ವಿಧಾನ ಪರಿಷತ್ತಿನ ಅಂದಿನ ಸಭಾಪತಿ. ಕೆಲಸ ಕೇಳಿ ಬಂದವನಿಗೆ ಸರ್ಕಾರ ಕೆಲಸ ಕೊಡಲೇಬೇಕು ಎಂಬ ಪ್ರಯೋಗವನ್ನು 1965ರಲ್ಲಿ ತಾಸಗಾವ ತಾಲೂಕಿನಲ್ಲಿ ಮಾಡಿ ನೋಡಿದರು. ಅದೇ 1972ರಲ್ಲಿ ಉದ್ಯೋಗ ಖಾತರಿ ಯೋಜನೆಯಾಯಿತು, 1977ರಲ್ಲಿ ಕಾಯ್ದೆಯಾಯಿತು, 1979ರ ಜನವರಿ 26ರಿಂದ ಜಾರಿಗೆ ಬಂತು. ನನ್ನ ಮಾಸ್ತರಕಿಯ ಪಗಾರದಿಂದ ತಿಂಗಳು ತಿಂಗಳು ಹಿಡಿಯುತ್ತಿದ್ದ ವೃತ್ತಿ ತೆರಿಗೆಯನ್ನು 1975ರಲ್ಲಿ ತಂದದ್ದು ಇದಕ್ಕೇ. ನೌಕರರು ಗೊಣಗುತ್ತಿದ್ದರು. ನನಗೆ ಅದು ಅವ್ವನ ದಿಬ್ಬಕ್ಕೆ ಮರಳಿ ಕೊಟ್ಟ ದುಡ್ಡು ಅನ್ನಿಸುತ್ತಿತ್ತು. 2005ರಲ್ಲಿ ದೇಶಕ್ಕೆಲ್ಲ ಬಂದ ನೂರು ದಿನದ ಕೆಲಸದ ಕಾಯ್ದೆಗೆ ಬೇರು ಇಲ್ಲಿದೆ. ಬಿಸಿಲಿನಲ್ಲಿ ಮಣ್ಣು ಹೊರಲು ತಾನಾಗಿ ಬಂದವರನ್ನು ನಿನಗೆ ಎಷ್ಟು ಸೀರೆ ಎಂದು ಕೇಳಬೇಕಾಗಿಲ್ಲ. ಗುಡ್ಡಾಪುರದ ದಾನಮ್ಮನ ಗುಡಿಯ ದಾಸೋಹದಲ್ಲಿ ಪಂಕ್ತಿಗೆ ಕೂತವರ ಕಾರ್ಡು ಯಾರೂ ಕೇಳುವುದಿಲ್ಲವಲ್ಲ, ಹಾಗೆ. ಮಣ್ಣು ಹೊರಲಾಗದ ಮುದುಕರು, ಬಾಣಂತಿಯರು, ರಟ್ಟೆ 11.8 ಇರುವ ಮಕ್ಕಳು ಹೊರಗೆ ಉಳಿಯುತ್ತಾರೆ. ಅವರನ್ನು ಹುಡುಕಲು ನಿನ್ನಂಥವರು ಮನೆಮನೆಗೆ ಹೋಗಲೇಬೇಕು.

ಹೋದ ಮನೆಯಲ್ಲಿ ಚಹಾ ಕೊಟ್ಟರೆ ಕುಡಿ, ಒಲ್ಲೆ ಅನ್ನಬೇಡ. ಆದರೆ ರೊಟ್ಟಿ ಕೊಟ್ಟರೆ, ಆ ಮನೆಯಲ್ಲಿ ಇನ್ನೂ ಯಾರು ಉಂಡಿಲ್ಲ ಎಂದು ನೋಡಿಕೊಂಡು ತಗೋ. "ಇದರಿಂದ ನಮಗೇನ ಸಿಗತೈತಿ?" ಎಂದು ಕೇಳುತ್ತಾರೆ. ಏನೋ ಸಿಗುತ್ತದೆ ಎಂದು ಆಸೆ ಹಚ್ಚಬೇಡ, ನಿನಗೆ ಗೊತ್ತಿರುವಷ್ಟನ್ನೇ ಹೇಳು. ಕಾರ್ಡಿನಲ್ಲಿ ಹೆಸರಿಲ್ಲದ ಮಗು ಕಂಡರೆ ಎಲ್ಲಿ ಅರ್ಜಿ ಕೊಡಬೇಕು ಎಂದು ಒಂದು ಚೀಟಿಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಕೈಗೆ ಕೊಡು. ಅದು ನಿನ್ನ ಕೆಲಸದಲ್ಲಿ ಬರೆದಿಲ್ಲ, ಆದರೂ ಮಾಡು.

ಬೀಗ ಹಾಕಿದ ಮನೆಗಳ ಪಟ್ಟಿಯೊಂದನ್ನು ಬೇರೆ ಇಟ್ಟುಕೋ, ಯಜಮಾನನ ಹೆಸರು, ಯಾವ ಕಾರ್ಖಾನೆಗೆ ಹೋಗಿದ್ದಾರೆ ಎಂದು ಪಕ್ಕದವರನ್ನು ಕೇಳಿ ಬರೆದುಕೋ. ಸಾಂಗ್ಲಿಯ ಸುತ್ತಲಿನವರನ್ನು ನಾವಿಬ್ಬರೂ ಭಾನುವಾರ ಹುಡುಕಿಕೊಂಡು ಹೋಗೋಣ. ಉಳಿದವರ ಮನೆಗೆ ಯುಗಾದಿ ಆದ ಮೇಲೆ ನೀನು ಇನ್ನೊಮ್ಮೆ ಜತ್ತದ ಬಸ್ಸು ಹತ್ತಬೇಕು. ಆ ಪಟ್ಟಿಗೆ ಹೊಸ ನೋಟ್‌ಬುಕ್ಕು ತಂದು ನಿನ್ನ ಚೀಲದಲ್ಲಿ ಇಟ್ಟಿದ್ದೇನೆ.